ಅಂಟುವಾಳದ ವಾಸನೆ

ಭೈರುಂಬೆಯ ಅತ್ತಿಗೆಗೆ ಶಿರಸಿಯಿಂದ ವಿನುತಾಳ ನಮಸ್ಕಾರ.

ಫೋನಿನಲ್ಲಿ ಹೇಳಲಾಗದೆ ಬರೆಯುತ್ತಿದ್ದೇನೆ. ನಿಮ್ಮ ತಮ್ಮ, ನಮ್ಮ ಮನೆಯವರು, ತೀರಿಕೊಂಡ ಸೂತಕ ಕಳೆದ ದಿನ ಶಾಸ್ತ್ರದಂತೆ ಇಲ್ಲಿನ ಮಣ್ಣಿನ ಪಾತ್ರೆಗಳನ್ನೆಲ್ಲ ಎಸೆದಿರಿ. ಇವರ ಚೀನಾ ದೇಶದ ಮಣ್ಣಿನ ಚಾ ಕೆಟಲ್‌ಗಳನ್ನು ಎಸೆಯಲು ಮಾತ್ರ ನಿಮಗೆ ಮನಸ್ಸಾಗಲಿಲ್ಲ. ಅಂಟುವಾಳ ಹಾಕಿ ತಿಕ್ಕಿ ತಿಕ್ಕಿ ತೊಳೆದಿಟ್ಟಿರಿ. ಪ್ರೀತಿಯಿಂದಲೇ ಮಾಡಿದ್ದು, ಗೊತ್ತು.

ಇವರು ಅವಕ್ಕೆ ಒಂದು ದಿನವೂ ಸೋಪು ಮುಟ್ಟಿಸಿದವರಲ್ಲ. ಆ ಮಣ್ಣು ಚಾ ಕುಡಿದು ಕುಡಿದು, ಬರೀ ಬಿಸಿನೀರು ಹಾಕಿದರೂ ಇವರ ಚಾದ ಘಮ ಬರುತ್ತಿತ್ತು. ನಿನ್ನೆ ಒಂದೊಂದಕ್ಕೂ ಬಿಸಿನೀರು ಹಾಕಿ ನೋಡಿದೆ. ಎಲ್ಲದರಲ್ಲೂ ಅಂಟುವಾಳದ್ದೇ ವಾಸನೆ. ಸಾಕಾಗಿಹೋಯಿತು, ಅತ್ತಿಗೆ.

ನಿಮ್ಮಲ್ಲಿಗೆ ಬಂದಾಗ ಚಾ ಮಾಡಲೆಂದು ಇವರು ಅಲ್ಲೇ ಇಟ್ಟಿದ್ದ ಕೆಂಪು ಕೆಟಲ್ ಇದೆಯಲ್ಲ, ಅದನ್ನು ತೊಳೆದಿರದಿದ್ದರೆ ಹಾಗೇ ಕಳಿಸಿ.

ತೊಳೆದಿದ್ದರೆ ಉತ್ತರ ಬರೆಯಬೇಡಿ.

ನಿಮ್ಮ
ವಿನುತಾ