ಎರಡು ಡಬ್ಬಿ, ಒಂದೇ ಹೆಸರು

ಲೋ ತಮ್ಮಾ,

ಅಮ್ಮನ್ನ ಆಸ್ಪತ್ರೆಯಿಂದ ಕರ್ಕೊಂಡು ಬರೋಕೆ ಹೊರಟೆ. ಕೂತಲ್ಲಿ ಕೂರೋಕಾಗ್ತಿಲ್ಲ. ಈ ಚೀಟಿ ಬರೆಯೋದರೊಳಗೇ ಎರಡು ಸಲ ಎದ್ದು ಕೈ ತೊಳ್ಕೊಂಡೆ.

ಕರುಳಿನ ಬ್ಯಾಕ್ಟೀರಿಯಾ ಸಮೀಕ್ಷೆಗೆ ಅಂತ ಇಬ್ಬರೂ ಮಲ ಕೊಟ್ಟಿದ್ವಲ್ಲ, ಆ ಲ್ಯಾಬಿನವರು ಫೋನ್ ಮಾಡಿದ್ರು. ನಮ್ಮಲ್ಲೊಬ್ಬರ ಕರುಳಲ್ಲಿ ಒಬ್ಬ ಸಮಯಸಾಧಕ ಬ್ಯಾಕ್ಟೀರಿಯಾ ಇದಾನಂತೆ. ಗಟ್ಟಿಮುಟ್ಟಾದವರ ಹೊಟ್ಟೇಲಿ ಬಾಲ ಮುದುರ್ಕೊಂಡಿರ್ತಾನೆ, ಕೀಮೋ ಆಗಿ ಸೊರಗಿದ ಅಮ್ಮನಂಥವರು ಸಿಕ್ಕರೆ ಹೆಡೆ ಎತ್ತುತಾನೆ. ನಮಗೆ ಔಷಧಿ ಬೇಡ, ಸೋಪು ಸಾಕು ಅಂದ್ರು. ಯಾರ ಹೊಟ್ಟೆ ಅಂತ ಮಾತ್ರ ಗೊತ್ತಿಲ್ಲ. ಎರಡೂ ಡಬ್ಬಿಗೆ ನನ್ನ ಹೆಸರೇ ಅಂಟಿಸಿದ್ದೀಯಲ್ಲೋ ಮಹಾರಾಯ! ಹೋಗ್ಲಿ, ಹೊಟ್ಟೆಗೆ ಹಾಕ್ಕೊಂಡಿದೀನಿ. ಅಲ್ಲಿ ಜಾಗ ಇದ್ದರೆ.

ಒಳಗಿನ ಕಕ್ಕಸು ಅಮ್ಮನಿಗೆ ಮಾತ್ರ. ತಿಕ್ಕಿ ತೊಳೆದಿದೀನಿ, ಕಾಲಿಟ್ಟೀಯ ಜೋಕೆ! ಅವಳ ಟವೆಲ್ ಮುಟ್ಟಬೇಡ. ಕೈಗೆ ನೀರು ಚಿಮುಕಿಸಿದರೆ ತೊಳೆದ ಹಾಗಲ್ಲ, ಸೋಪು ಹಾಕು.

ಯಾರ ಹೊಟ್ಟೇದು ಅಂತ ಅಮ್ಮ ಕೇಳೇ ಕೇಳ್ತಾಳೆ. ಅಕ್ಕಂದು ಅನ್ನು, ಡಬ್ಬಿ ಮೇಲೆ ಹೇಗೂ ಹಾಗೇ ಇದೆ. ನಿನ್ನ ಕೈತುತ್ತು ಬಿಟ್ಟರೆ ಅವಳಿಗೆ ಯಾರ ಕೈಯಿಂದಲೂ ಊಟ ಇಳಿಯಲ್ಲ.

ಅನ್ನ ಕಲಸೋ ಮುಂಚೆ ಇನ್ನೊಂದ್ಸಲ ಕೈ ತೊಳಿ.

– ಅಕ್ಕ