ಬೆಳಕು ನುಸುಳದ ಕೋಣೆ

ಅಕ್ಟೋಬರ್ 9

ಮತ್ತೆ ಟೇಪು. ಕಪ್ಪು ಟೇಪು, ಕಪ್ಪು ಬಟ್ಟೆ, ಕಪ್ಪು ಬಣ್ಣ. ಬೆಟ್ಟದ ತುದಿಯ ಈ ದೂರದರ್ಶಕದ ಕೆಳಗಿನ ಕೋಣೆಯಲ್ಲಿ ಹೊಸ ಕ್ಯಾಮೆರಾ ಕೂರಿಸಿದ್ದೇವೆ. ಅಲ್ಲಿಗೆ ಹೊರಗಿನ ಬೆಳಕು ಒಂದೆಳೆಯೂ ನುಸುಳಬಾರದು. ಅದಕ್ಕೇ ಪರೀಕ್ಷೆ ಉರಿಬಿಸಿಲಲ್ಲಿ — ಕೋಣೆ ಮುಚ್ಚಿ ಕ್ಯಾಮೆರಾದ ಕಣ್ಣು ಗಂಟೆ ಹೊತ್ತು ತೆರೆದಿಡುವುದು. ಚಿತ್ರ ಪೂರ್ತಿ ಕಪ್ಪಗೆ ಬಂದರೆ ಗೆದ್ದೆವು. ಇಂದು ಅಂಚಿನಲ್ಲಿ ಬಿಳಿ ಮಬ್ಬು. ಗಾಳಿಕಿಂಡಿಯದೇ ಅಪರಾಧ ಎಂದು ಕ್ಯಾಮೆರಾದ ಹೊಣೆ ಹೊತ್ತ ವಿಜ್ಞಾನಿ ಮೇಡಂ ತೀರ್ಪಿತ್ತರು.

"ಮುಚ್ಚಿಬಿಡಿ. ಹಿಮ ಬಿದ್ದು ದಾರಿ ಕಟ್ಟೋಕೆ ಮುಂಚೆ ಮುಗೀಬೇಕು."

ಮುಚ್ಚಿದೆ. ಏಣಿ ಹಿಡಿದಿದ್ದ ಭಾವಮೈದ ಮೇಲೆ ನೋಡಿ, "ಇರುವೆಗೂ ದಾರಿ ಬಿಡ್ಲಿಲ್ಲ ನೀವು, ಭಾವ" ಅಂದ.

ಅಕ್ಟೋಬರ್ 10

ಕ್ಯಾಮೆರಾ ತಣ್ಣಗಿರಲು ದ್ರವ ನೈಟ್ರೋಜನ್ ಬೇಕು. ಸುರಿಯುವವನು ಭಾವಮೈದ. ಸುರಿದಾಗ ಬಿಳಿ ಹೊಗೆ ನೆಲದ ಮೇಲೆ ತೆವಳಿ ಬರುತ್ತದೆ... ನಾನು ನಾಟಕ ಕಂಪನಿಯಲ್ಲಿದ್ದಾಗ ರಂಗದ ಮೇಲೆ ಯಮನ ಪ್ರವೇಶಕ್ಕೆ ಮುಂಚೆ ಬಿಡುತ್ತಿದ್ದರಲ್ಲ, ಹಾಗೆ. ಅದು ಗಂಟಲು ಕೆರೆಯುತ್ತಿತ್ತು, ಇದು ಸುಳಿವೇ ಕೊಡುವುದಿಲ್ಲ. ವಾಸನೆಯಿಲ್ಲ, ಕೆಮ್ಮಿಲ್ಲ. ಕೋಣೆ ತುಂಬಿತೋ, ಉಸಿರಾಡುವ ಗಾಳಿಯನ್ನೇ ಹೊರದಬ್ಬುತ್ತದೆ. ಅದಕ್ಕೇ ಗೋಡೆಯಲ್ಲೊಂದು ಅಲಾರಂ, ಆಕ್ಸಿಜನ್ ಕಡಿಮೆಯಾದರೆ ಕೂಗುವಂಥದ್ದು; ಅದರಲ್ಲಿ ಸಾಸಿವೆಕಾಳಿನಷ್ಟು ಕೆಂಪು ದೀಪ.

ಇಂದಿನ ಚಿತ್ರದಲ್ಲಿ ಆ ಸಾಸಿವೆ ಸೂರ್ಯನಾಗಿ ಉರಿಯುತ್ತಿತ್ತು.

"ಟೆಸ್ಟ್ ಮುಗಿಯೋವರೆಗೂ ಆಫ್ ಮಾಡಿ" ಅಂದರು ಮೇಡಂ.

"ಅದು ಕೂಗಿದ್ದಾದ್ರೂ ಯಾವಾಗ ಮೇಡಂ? ನಮ್ಮ ಭಾವ ಆದ್ರೆ ದಿನಾ ಕೂಗ್ತಾರೆ."

ಮೂವರೂ ನಕ್ಕೆವು. ಪ್ಲಗ್ ಕಿತ್ತೆ.

ಅಕ್ಟೋಬರ್ 13

ಎರಡು ದಿನ ಪೆನ್ನು ಮುಟ್ಟಲಿಲ್ಲ. ತಲೆನೋವು. ಭಾವಮೈದನಿಗೂ. ಈ ಎತ್ತರದಲ್ಲಿ ತಲೆ ನೋಯದವನು ಯಾರು? ಆದರೂ... ಕೆಳಗಿನ ಕೋಣೆ ಬಿಟ್ಟು ಮೇಲೆ ಹತ್ತಿದರೆ ನೋವು ಇಳಿಯುತ್ತದೆ. ಹತ್ತಿದರೆ ಹೆಚ್ಚಬೇಕಲ್ಲವೇ?

ನೈಲಾನ್ ಹಗ್ಗದ ತುದಿ ಸುಡಲು ಭಾವಮೈದ ಆ ಕೋಣೆಯಲ್ಲೇ ಲೈಟರ್ ಒತ್ತಿದ. ಕಿಡಿ ಬಂತು, ಜ್ವಾಲೆ ನಿಲ್ಲಲಿಲ್ಲ.

"ಬೆಟ್ಟ ಹತ್ತಿದ್ದಕ್ಕೆ ಇದಕ್ಕೂ ಏದುಸಿರು, ಭಾವ."

ಈ ಸಲ ನಗು ಬರಲಿಲ್ಲ. ಮೇಡಂ ಬಳಿ ಹೋದೆ. ಅಲಾರಂ ಹಾಕೋಣ ಅಂದೆ. "ನಾಳೆ ಒಂದೇ ಒಂದು ಟೆಸ್ಟ್. ಆಮೇಲೆ ಕಿಂಡೀನೂ ತೆಗೆಸ್ತೀನಿ, ಪ್ರಾಮಿಸ್." ತಲೆಯಾಡಿಸಿ ಬಂದೆ.

ಸಂಜೆ ಮನೆಯಿಂದ ಇವಳ ಫೋನ್. "ನನ್ನ ತಮ್ಮನ್ನ ಅಲ್ಲಿಗೆ ಕರ್ಕೊಂಡು ಹೋದೋರು ನೀವು. ಕರ್ಕೊಂಡು ಬರೋ ಜವಾಬ್ದಾರೀನೂ ನಿಮ್ದೇ." ಸಿಂಹಾಸನದ ಮೇಲಿನ ದನಿಯಲ್ಲಿ ಅಭಯ ಕೊಟ್ಟೆ.

ಅಕ್ಟೋಬರ್ 14, ಮಧ್ಯಾಹ್ನ

ಕೊನೆಯ ಪರೀಕ್ಷೆ. ಬಾಗಿಲಾಚೆ ಸ್ಟೂಲಿನ ಮೇಲೆ ನಾನು. ಒಳಗೆ, ಕಗ್ಗತ್ತಲಲ್ಲಿ, ಭಾವಮೈದ ಒಬ್ಬನೇ. ಹೊರಗಿಂದ ಕ್ಯಾಮೆರಾ ನಡೆಸುವ ಕೇಬಲ್ ಬಂದಿಲ್ಲ, ಒಳಗೊಬ್ಬ ಇರಲೇಬೇಕು. ನಡುವೆ ಬಾಗಿಲು ತೆರೆದರೆ ಎಲ್ಲ ಮೊದಲಿನಿಂದ. ಆಗಾಗ ನಾನು ನಾಟಕದ ಮಾತೊಂದು ಕೂಗುವುದು, ಅವನು ಮುಂದಿನದನ್ನು ಹೇಳುವುದು — ಇದು ಒಪ್ಪಂದ. ಅಕ್ಕನ ಮನೆಯಲ್ಲಿ ಕೇಳಿ ಕೇಳಿ ಅವನಿಗೆಲ್ಲ ಬಾಯಿಪಾಠ.

"ಯಾರಲ್ಲಿ?"

"ಅಪ್ಪಣೆ, ಮಹಾಪ್ರಭು."

"ಸೈನ್ಯ ಸನ್ನದ್ಧವೇ?"

"ಸನ್ನದ್ಧವೇ ಭಾವ. ಕುದುರೆಗೆ ಹುಲ್ಲಿಲ್ಲ, ಅಷ್ಟೆ."

ತುಸು ಹೊತ್ತಿನ ಮೇಲೆ

ನಾಲಿಗೆ ದಪ್ಪಗಾಗಿದೆ ಅವನದು. ಕಾರಣವಿಲ್ಲದ ನಗು. "ಸೈನ್ಯ... ಅದೇ... ಹುಲ್ಲು..." ಮೇಡಂಗೆ ಫೋನ್ ಮಾಡಿದೆ. "ಕತ್ತಲಲ್ಲಿ ನಿದ್ದೆ ಬಂದಿರುತ್ತೆ. ಇನ್ನೇನು ಮುಗೀತು, ಇರಿ."

ಕೂಗಿದೆ. ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟುವ ಕಂಠ. ಉತ್ತರವಿಲ್ಲ. ಒಳಗೆ ಏನೋ ಮೆತ್ತಗೆ ಜಾರಿ ಬಿದ್ದ ಸದ್ದು.

ಮತ್ತೆ

ಬಾಗಿಲು ತೆರೆದಿದ್ದೇನೆ. ಪರೀಕ್ಷೆ ಹಾಳಾಗಲಿ. ನುಗ್ಗಬಾರದು. ಮೊದಲು ಗಾಳಿ ಒಳಹೋಗಬೇಕು, ಇಲ್ಲದಿದ್ದರೆ ಬಿದ್ದವನ ಮೇಲೆ ಇನ್ನೊಬ್ಬ — ತರಬೇತಿಯಲ್ಲಿ ಹೇಳಿದ್ದು. ನನ್ನ ಕೂಗಿಗೆ ಬಂದ ಮೇಡಂ ಆಕ್ಸಿಜನ್ ಸಿಲಿಂಡರಿಗೆ ಓಡಿದ್ದಾರೆ. ಕಾಲು ತಡೆದು ನಿಲ್ಲಿಸಲು ಬರೆಯುತ್ತಿದ್ದೇನೆ, ಏನನ್ನಾದರೂ. ಅವನ ಬೂಟು ಕಾಣುತ್ತಿದೆ. ಹೊಸ್ತಿಲಿಂದ ನಾಲ್ಕೇ ಹೆಜ್ಜೆ. ಸಿಲಿಂಡರ್ ಇನ್ನೂ ಬರಲಿಲ್ಲ. ಇಡೀ ಪುಟದ ಮಾತನ್ನು ಒಂದೇ ಉಸಿರಿಗೆ ಒಪ್ಪಿಸಿ ಚಪ್ಪಾಳೆ ಗಿಟ್ಟಿಸಿದವನು ನಾನು. ನಾಲ್ಕು ಹೆಜ್ಜೆ ಯಾವ ಮಹಾ...

ಬೂಟು ಅಲುಗಿತು.

ಉಸಿರೆಳೆದುಕೊಂಡೆ. ನಾಲ್ಕೇ