ಗಾಳಿ ಹೋಗುವ ಕಡೆ

ಮಾರ್ಚ್ 9, ಸೋಮವಾರ

ಅಪ್ಪಾ,

ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯ್ತಾ? ಫೋನಿನಲ್ಲೇ ಹೇಳಬಹುದಿತ್ತು, ಬಾಯಿ ಬರಲಿಲ್ಲ. ಬರೆದು ಬರೆದು ಹರಿದೆ, ಅದಕ್ಕೇ ಇಷ್ಟು ಲೇಟ್, ಸಾರಿ. ನನ್ನದು ಹಾಸ್ಟೆಲ್ ಕನ್ನಡ, ಕಾಗುಣಿತ ತಪ್ಪಿದ್ದರೆ ನಗಬೇಡಿ.

ಲ್ಯಾಬ್ ಕೆಲಸ ನಡೀತಿದೆ. ಮಹಡಿ ಮೇಲಿನ ಪೈಪು ಗಾಳಿ ಎಳೆದುಕೊಳ್ಳುತ್ತೆ, ಕೆಳಗಿನ ಮೆಷೀನು ಅದರಲ್ಲಿರೋ ಕಣ ಎಣಿಸುತ್ತೆ. ಧೂಳೋ ಹೊಗೆಯೋ, ಅಂಥದ್ದೊಂದು ಕಣ ಸಿಗದೆ ನೀರಾವಿ ಮೋಡದ ಹನಿ ಆಗಲ್ಲ. "ಹನಿ ಕಟ್ಟೋಕೂ ಒಂದು ನೆಪ ಬೇಕು ಕಣೇ" ಅಂತಾರೆ ಸೀನಿಯರ್ ಅಕ್ಕ. ಯಾವ ಕಣಕ್ಕೆ ಎಂಥ ಮೋಡ ಅಂತ ಗೊತ್ತಾದರೆ, ಮುಂದಿನ ವರ್ಷಗಳ ಬಿಸಿಲು-ಮಳೆ ಲೆಕ್ಕ ಹಾಕೋ ಕಂಪ್ಯೂಟರ್ ಮಾಡೆಲ್ ಸ್ವಲ್ಪ ಕಡಿಮೆ ಸುಳ್ಳು ಹೇಳುತ್ತೆ. ನನಗಿನ್ನೂ ಅರ್ಧ ಅರ್ಥವಾಗಿಲ್ಲ. ವೈವಾದಲ್ಲಿ, ಅದೇ ಬಾಯಿ ಪರೀಕ್ಷೆಯಲ್ಲಿ, ಕೇಳಿದರೆ ಏನು ಹೇಳ್ತೀನೋ.

ಮನೆಯವರಿಗೆಲ್ಲ ಲ್ಯಾಬ್ ತೋರಿಸೋ ಓಪನ್ ಡೇಗೆ ಅಮ್ಮ ಒಬ್ಬಳೇ ಬರ್ತಾಳಂತೆ. "ನಾನು ಹಿಟ್ಟಿನ ಗಿರಣಿಯವನು, ಹೋದ್ರೆ ಮಗಳ ಮೋಡ ಕೆಡುತ್ತೆ" ಅಂದ್ರಂತೆ ನೀವು. ಗಿರಣಿಗೆ ಬರೋರಿಗೆಲ್ಲ ಜಂಬ ಬೇರೆ: "ನಾನು ಅಂಗಿ ಒದರಿದ್ರೆ ಸಾಕು, ಅಷ್ಟು ದೊಡ್ಡ ಮೆಷೀನಿಗೇ ತಲೆ ಕೆಡುತ್ತೆ!" ಅಮ್ಮ ನಗ್ತಾ ಹೇಳಿದಳು. ನನಗೆ ನಗು ಬರಲಿಲ್ಲ.

ಅವತ್ತು ನೀವು ನನ್ನ ಲ್ಯಾಬ್ ನೋಡೋಕೆ ಬಂದಾಗ ಮಹಡಿ ಮೇಲೆ ಕ್ಲಾಸಿನವರೆಲ್ಲ ಇದ್ದರು. ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿ ಬಂದಿದ್ದಿರಿ. ಕಿವಿ ಹಿಂದೆ ಮಾತ್ರ ಹಿಟ್ಟು ಉಳಿದಿತ್ತು. ಯಾರಾದರೂ "ಇವರ್ಯಾರು" ಅನ್ನೋ ಮೊದಲೇ ನಾನು ಓಡಿಬಂದು ಪಿಸುಗುಟ್ಟಿದೆ: "ಅಪ್ಪಾ, ಇಲ್ಲಿ ಬೇಡ. ಗಾಳಿ ಹೋಗೋ ಕಡೆ, ಆ ಮೂಲೇಲಿ ನಿಲ್ಲಿ. ನಿಮ್ಮ ಹಿಟ್ಟು ಪೈಪಿಗೆ ಹೋದ್ರೆ ಡೇಟಾ ಹಾಳು."

"ಅಯ್ಯೋ, ಹೌದಲ್ಲ!" ಅಂದ್ರಿ. ಉಸಿರು ಬಿಗಿಹಿಡಿದು, ತುದಿಗಾಲಲ್ಲಿ ಹೋಗಿ ನಿಂತಿರಿ. ಎಲ್ಲರೂ ಇಳಿದು ಹೋಗೋವರೆಗೂ ಆ ಬಿಸಿಲಲ್ಲಿ. ನಾನು ಯಾರಿಗೂ ಪರಿಚಯ ಮಾಡಿಸಲಿಲ್ಲ. ನೀವೂ ಕೇಳಲಿಲ್ಲ.

ಓಪನ್ ಡೇಗೆ ಬನ್ನಿ ಅಪ್ಪಾ. ಗಿರಣಿಯಿಂದ ಎದ್ದ ಹಾಗೇ ಬನ್ನಿ. ನಾನು ನಿಮ್ಮ ಪಕ್ಕದಲ್ಲೇ ಇರ್ತೀನಿ. ಆಶೀರ್ವಾದ ಕೇಳೋಕೆ ಮುಖ ಇಲ್ಲ, ಆದ್ರೂ ತಲೆ ಬಗ್ಗಿಸಿದ್ದೀನಿ, ಒಂದು ಸಲ ಕೈ ಇಡಿ.

ನಿಮ್ಮ
ಪುಟ್ಟಿ

ತಾ.ಕ.: ಅವತ್ತು ಮೆಷೀನು ಅಲ್ಲಿರಲೇ ಇಲ್ಲ ಅಪ್ಪಾ, ರಿಪೇರಿಗೆ ಹೋಗಿತ್ತು. ಪೈಪಿನ ಬಾಯಿಗೆ ನಾನೇ ಮುಚ್ಚಳ ಹಾಕಿದ್ದೆ.